ಹೊರಟವರ ದೀಪ

9-1-72, ಭಾನುವಾರ

ಕಾಗೆ ಕಾಲು ಗುಬ್ಬಿ ಕಾಲು ನನ್ನ ಅಕ್ಷರ. ಕಾಗುಣಿತವೂ ತಪ್ಪಿರುತ್ತದೆ. ನಾಲ್ಕನೇ ಕ್ಲಾಸಿಗೆ ಬಿಟ್ಟವಳು, ತಪ್ಪಾಯಿತು. ಓದುವವರು ಯಾರೂ ಇಲ್ಲ. ಆದರೂ ಮೊದಲೇ ಹೇಳಿಕೊಂಡರೆ ಕೈ ನಡುಗುವುದಿಲ್ಲ.

ಬೆಳಿಗ್ಗೆ ಕುರಿ ರೊಪ್ಪ ಗುಡಿಸಿದೆ. ನೀರು ಮೂರು ಬಿಂದಿಗೆ. ಮುದ್ದೆ, ಹುರುಳಿ ಸಾರು. ಅಣ್ಣ ಎರಡು ತುತ್ತು ತಿಂದು ಎದ್ದ. ಹನ್ನೊಂದರ ಬಸ್ಸಿಗೆ ತಾವರೆಕೆರೆ ತನಕ ನಡೆದು ಹೋಗಿ ಹತ್ತಿಸಿ ಬಂದೆವು. ಮುನ್ನಿ ಅಳಲಿಲ್ಲ. ಅಣ್ಣನ ಪ್ಯಾಂಟು ಹಿಡಿದ ಬೆರಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಮುನ್ನಿ ಅಂದರೆ ಅಣ್ಣನ ಮಗಳು. ಏಳು ವರ್ಷ. ಹೆಸರು ಜಗದಾಂಬ, ಹಾಗೆ ಕೂಗಿದರೆ ತಿರುಗುವುದಿಲ್ಲ. ಹುಟ್ಟಿದ್ದು ಬೆಳೆದದ್ದು ಎಲ್ಲಾ ಮಿಲಿಟರಿ ಕ್ವಾರ್ಟರ್ಸಿನಲ್ಲಿ, ಗಡಿಯ ಹತ್ತಿರ. ಹೋದ ತಿಂಗಳು ಅಲ್ಲಿ ಬಾಂಬು ಬಿತ್ತು. ನರಸಮ್ಮ ಅತ್ತಿಗೆ ಹೋದಳು. ಅಣ್ಣನಿಗೆ ಹತ್ತು ದಿನ ಲೀವು ಸಿಕ್ಕಿತು, ಮಗುವನ್ನು ಕರೆತಂದು ನಮ್ಮ ಹತ್ತಿರ ಬಿಟ್ಟ.

"ಲಡಾಯಿ ಮುಗೀತು ಅಂತ ರೇಡಿಯೋದಾಗೆ ಹೇಳಿದ್ರಲ್ಲೋ ಕ್ಯಾತ. ಇನ್ಯಾಕೆ ಹೋಗ್ತೀಯ?" ಅಂತ ಅವ್ವ ಕೇಳಿದಳು.

"ಮುಗ್ದಿರೋದು ಮೇಲುಗಡೆ ಕಣವ್ವ. ನೆಲದಾಗೆ ಹೂತಿರೋ ಮದ್ದು ಅಂಗೇ ಅದೆ. ಅದ್ನ ಕಿತ್ತು ತೆಗ್ಯೋದೇ ಈಗ ನಮ್ ಕೆಲ್ಸ."

ಬಸ್ಸು ಹೋದ ಮೇಲೆ ಅವ್ವ ಮನೆಗೆ ಬಂದು ದೇವರ ಗೂಡಿನಲ್ಲಿ ಹೊರಟವರ ದೀಪ ಹಚ್ಚಿದಳು. ನಮ್ಮ ಮನೆಯ ಗಂಡಸರು ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೊರಟರೆ ಹಚ್ಚುವ ದೀಪ ಅದು. ಅವರು ತಿರುಗಿ ಬಂದು ಬಾಗಿಲಲ್ಲಿ ಕಾಲು ತೊಳೆಯುವ ತನಕ ಆರಬಾರದು. ಅಪ್ಪನಿಗೆ ಎಷ್ಟೋ ಸಲ ಹಚ್ಚಿದ್ದಾಳೆ. ಒಂದು ಸಲವೂ ಆರಿರಲಿಲ್ಲವಂತೆ. ಈಗ ಅಪ್ಪ ಇಲ್ಲ, ಕುರಿಯ ಹಿಂದೆ ಅವ್ವನೇ ಹೋಗಬೇಕು. ಎಣ್ಣೆ ನೋಡಿಕೊಳ್ಳುವುದು ನನ್ನ ಪಾಲಿಗೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ.

ಇನ್ನೂ ಒಂದು ಕೆಲಸ, ಮುನ್ನಿ. ಇರಲಿ.

10-1, ಸೋಮವಾರ

ಸಂಜೆ ದೊಡ್ಡ ರಾದ್ಧಾಂತ.

ಹಟ್ಟಿಯಲ್ಲಿ ದೀಪ ಹಚ್ಚುವ ಹೊತ್ತು. ಮುನ್ನಿ "ಬತ್ತೀ! ಬತ್ತೀ!" ಅಂತ ಕಿರುಚುತ್ತಾ ಓಡಿದಳು. ಪಕ್ಕದ ಪುಟ್ಟಕ್ಕನ ಮನೆಗೆ ನುಗ್ಗಿ ಬುಡ್ಡಿ ಊದಿದಳು. ಅಲ್ಲಿಂದ ಆಚೆ ಮನೆ. ಅಲ್ಲಿಂದ ಇನ್ನೊಂದು. ಮೂರು ಮನೆ ಕತ್ತಲು.

"ಲೇ ರಂಗಿ, ನಿನ್ ಸೊಸೆ ಬಂದು ದೀಪ ನುಂಗ್ತಾವ್ಳೆ ಕಣೇ! ಮುದ್ದೆ ಇಕ್ಕಲಿಲ್ವಾ?" ಅಂತ ಪುಟ್ಟಕ್ಕ ನಕ್ಕಳು. ಆಚೆ ಮನೆಯವರು ನಗಲಿಲ್ಲ. ಮುಸ್ಸಂಜೆಯಲ್ಲಿ ಬಾಯಿಂದ ಊದಿ ದೀಪ ಆರಿಸುವುದೆಂದರೆ…

ಕೊನೆಗೆ ನಮ್ಮ ದೇವರ ಗೂಡಿಗೆ ಬಂದಳು. ಅವ್ವ ದೀಪಕ್ಕೆ ಕೈ ಅಡ್ಡ ಹಿಡಿದಳು. ಅಂಗೈ ಸುಟ್ಟುಕೊಂಡಳು. ಮುನ್ನಿ ಮಾತ್ರ ಆ ಕೈಯನ್ನೇ ಊದುತ್ತಿದ್ದಾಳೆ, ಊದುತ್ತಿದ್ದಾಳೆ, ಕಣ್ಣು ಸೂರಿನ ಕಡೆ.

ಅಣ್ಣ ಹೇಳಿದ್ದ, ಅಲ್ಲಿ ಸಂಜೆಯಾದರೆ ಒಂದು ದೀಪವೂ ಹೊರಗೆ ಕಾಣಬಾರದಂತೆ, ಕಂಡರೆ ವಿಮಾನಕ್ಕೆ ಗುರುತು ಸಿಗುತ್ತದಂತೆ.

11-1

ಒಡೆದ ಗಡಿಗೆ ಒಂದಿತ್ತು. ಅದರ ತಳ ಒಡೆದು ತೆಗೆದು, ಗಾಳಿಗೆ ಒಂದು ಪಕ್ಕ ಸಣ್ಣ ತೂತು ಮಾಡಿ ದೀಪದ ಮೇಲೆ ಕವುಚಿದೆ. ಬೆಳಕು ಮೇಲಿನಿಂದ ಗೂಡಿನೊಳಗಷ್ಟೇ ಬೀಳುತ್ತದೆ. ಆಚೆಗೆ ಬರುವುದಿಲ್ಲ. ಅವ್ವ ಗೊಣಗಿದಳು, ಬೇಡ ಅನ್ನಲಿಲ್ಲ.

ಮುನ್ನಿಯ ಕೈ ಹಿಡಿದು ಮನೆ ಸುತ್ತ ಒಂದು ಸುತ್ತು ಬಂದೆ. ಹಿತ್ತಿಲು, ರೊಪ್ಪ, ಮುಂದಲ ಬಾಗಿಲು. ಸೂರಿನ ಸಂದಿ ಸಂದಿ ನೋಡಿದಳು. ಕಾಣುವುದಿಲ್ಲ ಅಂತ ತಲೆ ಆಡಿಸಿದಳು. ಆಮೇಲೆ ಊಟಕ್ಕೆ ಕೂತಳು.

20-1, ಗುರುವಾರ

ದಿನಾ ಸಂಜೆ ಸುತ್ತು. ಒಂದು ದಿನ ತಪ್ಪಿದರೆ ಅನ್ನ ಇಳಿಯುವುದಿಲ್ಲ ಅವಳಿಗೆ. ನನಗೆ ಕಾಲು ಸೋತಿರುತ್ತದೆ. ಹೋಗುತ್ತೇನೆ.

ಹಗಲು ನನ್ನನ್ನು ಕಣ್ಮರೆಯಾಗಲು ಬಿಡುವುದಿಲ್ಲ. ಹಿತ್ತಿಲಿಗೆ ಹೋದರೂ ಹಿಂದೆ. ಉಣ್ಣೆ ನೂಲುವಾಗ ಒಂದು ಉಪಾಯ ಕಂಡೆ. ನೂಲಿನ ತುದಿ ಅವಳ ಕೈಗೆ ಕೊಟ್ಟು "ನೀನು ಹೊರಗೆ ಆಡು, ಎಳೆದರೆ ನಾನು ತಿರುಗಿ ಎಳೆಯುತ್ತೇನೆ" ಅಂತ ತೋರಿಸಿದೆ. ಮೊದಲು ಅರ್ಧ ಗಳಿಗೆಗೆ ಹತ್ತು ಸಲ ಎಳೆದಳು. ಇವತ್ತು ಮಧ್ಯಾಹ್ನ ಪೂರ್ತಿ ನಾಲ್ಕೇ ಸಲ. ನೂಲು ಬಹಳ ಕೆಟ್ಟಿತು. ಅವ್ವನಿಗೆ ಹೇಳಿಲ್ಲ.

ನಮ್ಮ ಮಾತು ಅವಳಿಗೆ ಅರ್ಧ ತಿಳಿಯುತ್ತದೆ. ಅವಳದು ಕ್ವಾರ್ಟರ್ಸಿನ ಹಿಂದಿ, ಮನೆಯೊಳಗೂ ಅದನ್ನೇ ಆಡುತ್ತಿದ್ದರಂತೆ, ನಮಗೆ ತಿಳಿಯುವುದೇ ಇಲ್ಲ. ಅವಳು ಆಡುವುದೂ ಇಲ್ಲ.

26-1, ಬುಧವಾರ

ಬಳೆ ಬೀಬಮ್ಮ ಬಂದಿದ್ದಳು, ಶಿರಾದಿಂದ. ಬಳೆಗಳ ಮಲಾರ ಇಳಿಸಿ, "ಏನೇ ರಂಗಮ್ಮ, ಕೈ ಬೋಳು ಮಾಡ್ಕಂಡು ಕೂತಿದ್ದೀಯ, ಯಾವ ಗಂಡು ಬತ್ತಾನೆ ನೋಡಕ್ಕೆ?" ಅಂದಳು. ನನಗೆ ನಾಚಿಕೆಯಾಗಿ ಒಳಗೆ ಹೋದೆ. ನೀರು ತಂದು ನೋಡಿದರೆ — ಮುನ್ನಿ ಬೀಬಮ್ಮನ ಮಂಡಿಯ ಹತ್ತಿರ ಕೂತಿದ್ದಾಳೆ. ಮಾತಾಡುತ್ತಿದ್ದಾಳೆ! ಗಟ್ಟಿಯಾಗಿ, ಕೈ ಆಡಿಸುತ್ತಾ. ಬೀಬಮ್ಮನ ಮನೆಯ ಉರ್ದು, ಮುನ್ನಿಯ ಕ್ವಾರ್ಟರ್ಸ್ ಹಿಂದಿ, ಎರಡೂ ಹತ್ತಿರದವು ಅಂತ ನನಗೆ ಹೊಳೆದೇ ಇರಲಿಲ್ಲ. ಇಪ್ಪತ್ತು ದಿನ ಒಂದು ಮಾತಿಗೆ ಕಾದೆವು.

ಆಮೇಲೆ ಬೀಬಮ್ಮ ನಗಲಿಲ್ಲ. ಮುನ್ನಿಯನ್ನು ಮರಿಗಳ ಹತ್ತಿರ ಕಳಿಸಿ ಮೆಲ್ಲಗೆ ಹೇಳಿದಳು.

"ಸಂಜೆ ಆದ್ರೆ ಬತ್ತಿ ಆರ್ಸೋದು ಈ ಕೂಸಿನ ಕೆಲ್ಸ ಆಗಿತ್ತಂತೆ. ಅಮ್ಮ ಹೇಳಿದ್ಲಂತೆ, ಆರ್ಸಮ್ಮಾ ಅಂತ. ಇದು ಆಟದಾಗೆ ಮರ್ತ್ಬುಡ್ತಂತೆ. ವಿಮಾನ ಬರೋ ಕೂಗು ಹೊಡೀತು, ಎಲ್ರೂ ಗುಂಡಿಗೆ ಇಳಿದ್ರು. ಅಲ್ಲಿಂದ ನೋಡಿದ್ರೆ ಕಿಟ್ಕಿನಾಗೆ ಬೆಳಕು. ಅಮ್ಮ ಎದ್ದು ಓಡಿದ್ಲಂತೆ, ಆರ್ಸಕ್ಕೆ."

"ಆಮೇಲೆ?"

"ಆಮೇಲೆ ಏನಮ್ಮಾ. ಅಷ್ಟೇ."

ಮುನ್ನಿಗೆ ಹಸಿರು ಬಳೆ ತೊಡಿಸಿ ಹೋದಳು. ಅವ್ವನಿಗೆ ಇದನ್ನು ಹೇಳುವುದಿಲ್ಲ. ಹೇಗೆ ಹೇಳಲಿ. ಅಣ್ಣನಿಗೆ ಗೊತ್ತಿದೆಯೋ ಇಲ್ಲವೋ.

ಏಳು ವರ್ಷದ ಕೂಸು, ಇಷ್ಟನ್ನೂ ಹೊತ್ತುಕೊಂಡು ನನ್ನ ಹಿಂದೆ ನೀರಿಗೆ ಬರುತ್ತದೆ.

17-2, ಗುರುವಾರ

ಬರೆದು ಇಪ್ಪತ್ತು ದಿನ ಮೇಲಾಯಿತು. ಕುರಿ ಈಯುವ ಕಾಲ. ಕೈಗೆ ಬಿಡುವಿಲ್ಲ.

ಮೂಡಲಗಿರಿಯಪ್ಪನವರ ಹೊಲದಲ್ಲಿ ಬಾವಿ ತೋಡುತ್ತಿದ್ದಾರೆ. ಬಂಡೆ ಸಿಕ್ಕಿದೆ, ಮದ್ದು ಇಟ್ಟು ಸಿಡಿಸುತ್ತಾರೆ. ಮಧ್ಯಾಹ್ನ ಒಂದು ಸದ್ದು ಬಂತು, ಗೋಡೆಯ ಮಣ್ಣು ಉದುರಿತು. ಮುನ್ನಿ ಇಲ್ಲ. ಬಾವಿ ಕಡೆ ಓಡಿದೆ, ಹೊಂಗೆ ಮರದ ಹತ್ತಿರ ಓಡಿದೆ. ಕೊನೆಗೆ ಮರಿಗಳನ್ನು ಮುಚ್ಚುವ ದೊಡ್ಡ ಬಿದಿರು ಬುಟ್ಟಿ ಎತ್ತಿದರೆ ಅದರೊಳಗೆ, ನಾಲ್ಕು ಮರಿಗಳ ಮಧ್ಯೆ ಮುದುಡಿಕೊಂಡಿದ್ದಳು. ಒದ್ದೆಯಾಗಿದ್ದಳು. ಎಬ್ಬಿಸಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಕುರಿ ಬೆದರಿದಾಗ ಅವ್ವ ಮಾಡುವುದೂ ಇಷ್ಟೇ. ಹಿಡಿಯಲು ಹೋಗುವುದಿಲ್ಲ, ಹತ್ತಿರ ಕೂತು ಬೇರೆ ಕಡೆ ನೋಡುತ್ತಾಳೆ.

ಸಂಜೆ ಮೂಡಲಗಿರಿಯಪ್ಪನವರ ಜಗಲಿಗೆ ಹೋದೆ, ಸಿಡಿಸುವ ಮುಂಚೆ ಒಂದು ಮಾತು ಹೇಳಿ ಕಳಿಸಿ ಅಂತ ಕೇಳಲು. "ಏನವ್ವ ಬಂದಿದ್ದು?" ಅಂದರು. ಮಾತು ಬರಲಿಲ್ಲ. "ಬೆಂಕಿಪೊಟ್ಣ ಬೇಕಿತ್ತಾ?" ಅಂದರು. ಹೂಂ ಅಂದೆ. ಕೊಟ್ಟರು. ಬಂದುಬಿಟ್ಟೆ.

ನನ್ನಂಥವಳ ಹತ್ತಿರ ಬಿಟ್ಟು ಹೋದ ಅಣ್ಣ ಈ ಮಗುವನ್ನು.

19-2

ಪುಟ್ಟಕ್ಕನ ಕೈಲಿ ಹೇಳಿಸಿದೆ. ಈಗ ಸಿಡಿಸುವ ಮುಂಚೆ ಅವರು ತಟ್ಟೆ ಬಡಿಯುತ್ತಾರೆ. ಮುನ್ನಿ ಕಿವಿ ಮುಚ್ಚಿಕೊಂಡು ಎಣಿಸುತ್ತಾಳೆ. ಇಪ್ಪತ್ತಕ್ಕೆ ಬರುವಷ್ಟರಲ್ಲಿ ಸದ್ದು ಆಗಿಹೋಗಿರುತ್ತದೆ. ಎಣಿಸುವುದು ಕನ್ನಡದಲ್ಲಿ. ನಾನು ಕಲಿಸಿದ್ದು.

28-2, ಸೋಮವಾರ

ನಿನ್ನೆ ಇಡೀ ಇರುಳು ಎರಡು ಕುರಿ ಈದವು. ಕಣ್ಣು ಮುಚ್ಚಿಲ್ಲ. ಬೆಳಿಗ್ಗೆ ದೀಪಕ್ಕೆ ಎಣ್ಣೆ ಹಾಕಿದೆ. ಮಧ್ಯಾಹ್ನ ಉಣ್ಣೆಯ ಮೂಟೆಗೆ ಒರಗಿದವಳು ಹಾಗೇ ನಿದ್ದೆ ಹೋದೆ. ಎಚ್ಚರವಾದಾಗ ಕುರಿ ಬರುವ ಸದ್ದು. ಮಧ್ಯಾಹ್ನದ ಎಣ್ಣೆ ಹಾಕಿಲ್ಲ! ಎಣ್ಣೆ ಗಿಂಡಿ ಹಿಡಿದು ಓಡಿದೆ.

ಮುನ್ನಿ ಗೂಡಿನ ಮುಂದೆ ನಿಂತಿದ್ದಳು. ಗಡಿಗೆ ಅವಳ ಕೈಯಲ್ಲಿ. ದೀಪ ಆರಿತ್ತು. ಬತ್ತಿ ಕರಕಲು, ಪ್ರಣತಿ ಎಣ್ಣೆಯಿಲ್ಲದೆ ಒಣಗಿತ್ತು. ಅಷ್ಟರಲ್ಲಿ ಅವ್ವ ಬಾಗಿಲಿಗೆ ಬಂದಳು.

ಅವ್ವ ಪ್ರಣತಿ ನೋಡಲಿಲ್ಲ. ಗಡಿಗೆ ಹಿಡಿದ ಮಗುವನ್ನು ನೋಡಿದಳು.

ಬೆನ್ನಿಗೆ ಹೊಡೆದಳು. ಮೂರು ಸಲ, ನಾಲ್ಕು ಸಲ. ಮುನ್ನಿಯ ಎರಡು ಬಳೆ ಒಡೆದವು. ನಾನು ಬಿಡಿಸಿಕೊಂಡೆ. ಬಿಡಿಸಿಕೊಂಡೆ, ಅಷ್ಟೇ. ಗಿಂಡಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದೆ. ನಾನು ಎಣ್ಣೆ ಮರೆತೆ ಅನ್ನಲಿಲ್ಲ.

ಅವ್ವ ತಿರುಗಿ ದೀಪ ಹಚ್ಚಿ ಗೂಡಿನ ಕೆಳಗೇ ಕೂತಳು. ಊಟ ಮಾಡಲಿಲ್ಲ.

ನಾಳೆ ಹೇಳುತ್ತೇನೆ.

29-2

ಹೇಳಲಿಲ್ಲ.

10-3, ಶುಕ್ರವಾರ

ಅಣ್ಣನ ಜೊತೆಯ ಸಿಪಾಯಿ ಬರೆದ ಕಾಗದ ಬಂತು. ಚಿತ್ರದುರ್ಗದ ಕಡೆಯವನಂತೆ, ಕನ್ನಡದಲ್ಲಿ ಬರೆದಿದ್ದ. ಮನೆಯಲ್ಲಿ ಓದುವುದು ಬರುವವಳು ನಾನೊಬ್ಬಳೇ. ನಿಂತುಕೊಂಡೇ ಓದಿದೆ. ಮದ್ದು ತೆಗೆಯುವಾಗ ಸಿಡಿಯಿತು. ಕ್ಯಾತಣ್ಣನ ಎಡಗಾಲು ಹೋಗಿದೆ, ಮೊಣಕಾಲಿನಿಂದ ಕೆಳಗೆ. ಜೀವಕ್ಕೆ ಭಯವಿಲ್ಲ. ಆಸ್ಪತ್ರೆಯಲ್ಲಿದ್ದಾನೆ. ಕೈ ನಡುಗುತ್ತದೆ ಅಂತ ಈ ಸಿಪಾಯಿಯ ಕೈಲಿ ಬರೆಸಿದ್ದಾನೆ.

ಅವ್ವ ಅಳಲಿಲ್ಲ. "ಯಾವತ್ತು?" ಅಂತ ಮಾತ್ರ ಕೇಳಿದಳು.

ಬೇರೆ ತಾರೀಖು ಹೇಳಬಹುದಿತ್ತು. ಯಾರಿಗೆ ಗೊತ್ತಾಗುತ್ತಿತ್ತು. ಕಾಗದದಲ್ಲಿ ಇದ್ದದ್ದನ್ನೇ ಬಾಯಿ ಓದಿಬಿಟ್ಟಿತು. "ಫೆಬ್ರವರಿ ಇಪ್ಪತ್ತೆಂಟು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ."

ಅವ್ವ ಬೆರಳು ಮಡಿಸಿ ಎಣಿಸಿದಳು. ಆಮೇಲೆ ಮುನ್ನಿಯ ಕಡೆ ತಿರುಗಿದಳು.

"ಅವ್ವನ್ನ ನುಂಗಿದ್ದು ಸಾಲ್ದೇ ಹೋಯ್ತಾ ನಿಂಗೆ? ಕಾಲು ತೊಳ್ದು ಒಳೀಕೆ ಬರ್ಲಿ ಅಂತ ದೀಪ ಇಕ್ಕಿದ್ದೆನಲ್ಲೇ. ಈಗ ಯಾವ ಕಾಲು ತೊಳೀಲಿ?"

"ಅವ್ವಾ, ಕಾಲು ಹೋಗಿದ್ದು ಬೆಳಿಗ್ಗೆ. ದೀಪ ಆರಿದ್ದು ಸಾಯಂಕಾಲ," ಅಂದೆ. ಅಷ್ಟಾದರೂ ಅಂದೆ.

"ದೀಪಕ್ಕೆ ಗಡಿಯಾರ ಗೊತ್ತಿರ್ತದೇನೇ?" ಅಂದಳು.

ಮುನ್ನಿಗೆ ಈಗ ನಮ್ಮ ಮಾತೆಲ್ಲಾ ತಿಳಿಯುತ್ತದೆ. ಅದೇ ಕೆಟ್ಟದ್ದಾಯಿತು.

12-3, ಭಾನುವಾರ

ನರಸಮ್ಮ ಅತ್ತಿಗೆಯ ಅಣ್ಣ ಅಡವಯ್ಯ, ಪಾವಗಡದ ಆಚೆ ಊರು. ಅವನಿಗೆ ಅವ್ವ ಹೇಳಿ ಕಳಿಸಿದ್ದಾಳೆ. ಯುಗಾದಿಯ ಮಾರನೇ ದಿನ ಬಂದು ಕೂಸನ್ನು ಕರೆದುಕೊಂಡು ಹೋಗಲಿ ಅಂತ. ಅವನಿಗೆ ಮೇಕೆ ಕಾಯಲು ಒಂದು ಆಳು ಬೇಕಾಗಿದೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ತೆಲುಗು. ಇವಳಿಗೆ ಮತ್ತೆ ಒಂದು ಮಾತು ಮೊದಲಿನಿಂದ.

ಸಂಜೆಯ ಸುತ್ತಿಗೆ ಕರೆದೆ. ಬರಲಿಲ್ಲ. ಅನ್ನವೂ ಇಲ್ಲ. ಬುಟ್ಟಿಯ ಕೆಳಗೆ ಮರಿಗಳ ಜೊತೆ ಕೂರುತ್ತಾಳೆ. ನೂಲಿನ ತುದಿ ಕೊಟ್ಟರೆ ಹಿಡಿಯುವುದಿಲ್ಲ, ಬಿದ್ದುಹೋಗುತ್ತದೆ.

14-3, ಮಂಗಳವಾರ

ಇವತ್ತು ಮುನ್ನಿ ತಾನಾಗಿ ಅವ್ವನ ಮುಂದೆ ಹೋಗಿ ನಿಂತಳು. ನಮ್ಮ ಮಾತಿನಲ್ಲಿ, ಒಂದೊಂದೇ ಪದ ಹುಡುಕಿ, "ಅಜ್ಜಿ, ನಾನೇ ಆರ್ಸಿದ್ದು" ಅಂದಳು.

ಅವಳು ಆರಿಸಿಲ್ಲ. ಅವಳು ಬರುವ ಮುಂಚೆಯೇ ಆರಿತ್ತು. ಪ್ರಣತಿ ಒಣಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ನನಗೆ ಗೊತ್ತು, ಅವಳಿಗೂ ಗೊತ್ತಿರಬೇಕು. ಆದರೂ ಹಾಗೆ ಅಂದಳು. ಎಲ್ಲ ದೀಪವೂ ತನ್ನಿಂದಲೇ ಅಂತ ನಂಬಿಬಿಟ್ಟಿದ್ದಾಳೆ.

ಅವ್ವ "ಕೇಳ್ಕಂಡೆಯೇನೇ ರಂಗಿ?" ಅಂದಳು. ಕೇಳಿಸಿತು ಅಂದೆ.

16-3, ಗುರುವಾರ, ಯುಗಾದಿ

ಎಣ್ಣೆ ನೀರು. ಹೋಳಿಗೆ ಇಲ್ಲ, ಅಣ್ಣ ಹಾಗಿರುವಾಗ ಯಾವ ಹಬ್ಬ. ಬೇವು ಬೆಲ್ಲ ಮಾತ್ರ. ಮುನ್ನಿ ಬೇವನ್ನಷ್ಟೇ ತಿಂದಳು.

ಅವ್ವನಿಗೆ ಬೆನ್ನು ಉಜ್ಜುವಾಗ ಹೇಳೋಣ ಅಂದುಕೊಂಡೆ. ಬಾಯಿ ತೆರೆದೆ. "ಏನೇ?" ಅಂದಳು. "ಸೀಗೆಪುಡಿ ಸಾಕಾ?" ಅಂದೆ.

ಮಧ್ಯಾಹ್ನ ಮುನ್ನಿಯ ಬಟ್ಟೆ ಗಂಟು ಕಟ್ಟಿದೆ. ಎರಡು ಲಂಗ, ಒಂದು ಸ್ವೆಟರು, ಉಳಿದ ಬಳೆ. ನಾನೇ ಕಟ್ಟಿದೆ.

17-3, ಶುಕ್ರವಾರ

ಅಡವಯ್ಯ ಹತ್ತು ಗಂಟೆಗೆ ಬಂದ. ಜಗಲಿಯ ಮೇಲೆ ಕೂತು ಮುನ್ನಿಯನ್ನು ಮೇಲೆ ಕೆಳಗೆ ನೋಡಿದ.

"ಏಮ್ಮಾ ಕೊಲ್ಲಾಪುರಮ್ಮ, ಪಿಲ್ಲ ಇಷ್ಟೇನಾ? ಮೇಕೆ ಒದ್ರೆ ಇದೇ ಬಿದ್ದೋಗ್ತದೆ ಕದಾ!" ಅಂತ ಅವ್ವನಿಗೆ ಅಂದ.

"ತಿನ್ನಕ್ಕೆ ಇಕ್ಕು, ಬೆಳೀತಾಳೆ," ಅಂತ ಅವ್ವ. ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಮುನ್ನಿ ಗಂಟು ಎತ್ತಿಕೊಂಡಳು. ಯಾರೂ ಹೇಳಲಿಲ್ಲ, ಅವಳೇ ಎತ್ತಿಕೊಂಡಳು. ಅಂಗಳ ದಾಟುವಾಗ ತಿರುಗಿ ನೋಡಿದಳು. ನನ್ನನ್ನಲ್ಲ. ಗೂಡಿನಿಂದ ಬೆಳಕು ಕಾಣುತ್ತದೋ ಅಂತ ಸೂರನ್ನು. ಹಗಲು ಹತ್ತು ಗಂಟೆಯಲ್ಲಿ.

ಆಗ ಮಾತು ಬಂತು. ಎಲ್ಲಿಂದ ಬಂತೋ.

"ಅವ್ವಾ, ಅವತ್ತು ಎಣ್ಣೆ ಹಾಕದು ಮರ್ತಿದ್ದೆ ಕಣವ್ವ. ನಿದ್ದೆ ಹೋಗ್ಬುಟ್ಟಿದ್ದೆ. ಪ್ರಣತಿ ಒಣಗಿತ್ತು. ಕೂಸು ಬರೋ ಹೊತ್ಗೆ ದೀಪ ಆರೇ ಹೋಗಿತ್ತು. ಗಿಂಡಿ ನನ್ ಸೆರಗ್ನಾಗಿತ್ತು ಕಣವ್ವ, ಮುಚ್ಕಂಡಿದ್ದೆ."

ದನಿ ಜೋರಾಗಿಯೇ ಬಂದಿರಬೇಕು, ಪುಟ್ಟಕ್ಕ ಅವಳ ಬಾಗಿಲಿಗೆ ಬಂದಳು.

ಅವ್ವ ನನ್ನತ್ತ ತಿರುಗಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ.

"ಮತ್ತೆ ಇದು ನಾನೇ ಅಂದ್ಲಲ್ಲೇ?"

"ಎಲ್ಲಾನೂ ನಾನೇ ಅಂತದೆ ಕಣವ್ವ ಅದು." ಆಮೇಲೆ ಬೀಬಮ್ಮ ಹೇಳಿದ್ದನ್ನೂ ಹೇಳಿದೆ. ಕ್ವಾರ್ಟರ್ಸು, ಕಿಟಕಿ, ಅತ್ತಿಗೆ ಓಡಿದ್ದು. ಎಲ್ಲಾ.

ಅವ್ವ ಜಗಲಿಯ ಕಂಬ ಹಿಡಿದು ಕೂತಳು. "ಹದಿನೆಂಟು ದಿನ," ಅಂದಳು. "ಹದಿನೆಂಟು ದಿನ ಆ ಕೂಸಿನ ಮೇಲೆ ಹಾಕಿ ಸುಮ್ಕಿದ್ಯಲ್ಲೇ ರಂಗಿ. ನನ್ ಕೈಲಿ ಹೊಡ್ಸಿದ್ಯಲ್ಲೇ." ಸುಟ್ಟ ಗುರುತಿದ್ದ ಅಂಗೈಯನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. ಅಡವಯ್ಯನಿಗೆ "ಉಂಡು ಹೋಗಪ್ಪ. ಕೂಸು ಬರಾಕಿಲ್ಲ," ಅಂದಳು.

"ಅದೇನಮ್ಮಾ, ಮೂರು ಬಸ್ಸು ಬದಲಾಯಿಸಿ ಬಂದಿವ್ನಿ!"

"ಮೂರು ಬಸ್ಸಾಗೆ ವಾಪಸ್ ಹೋಗು. ದಾರಿ ಗೊತ್ತೈತಲ್ಲ."

ಉಂಡೇ ಹೋದ. ಎರಡು ಮುದ್ದೆ.

ಸಂಜೆ, ಅದೇ ದಿನ

ಅವ್ವನಿಗೆ ನನ್ನ ಜೊತೆ ಮಾತಿಲ್ಲ. ಅಣ್ಣನ ಕಾಲು ಹೋದ ಅಪವಾದ ಈಗ ನನ್ನ ಕಡೆ ತಿರುಗಿದೆ ಅಂತ ಗೊತ್ತು. ತಿರುಗಲಿ. ನನಗೆ ಹದಿನೆಂಟು ವರ್ಷ. ಅವಳಿಗೆ ಏಳು.

ಬುಟ್ಟಿಯ ಹತ್ತಿರ ಹೋಗಿ ಕೂತೆ. ಬೇರೆ ಕಡೆ ನೋಡುತ್ತಾ ಉಣ್ಣೆ ಬಿಡಿಸಿದೆ. ಬಹಳ ಹೊತ್ತಾದ ಮೇಲೆ ಒಳಗಿನಿಂದ ದನಿ.

"ಅತ್ತೆ, ನೀನು ಆಟ ಆಡ್ತಿದ್ಯಾ?"

"ಇಲ್ಲ ಕಣಮ್ಮ. ನಿದ್ದೆ ಬಂದಿತ್ತು."

ಯೋಚನೆ ಮಾಡಿದಳು. ಮರಿಯೊಂದು ಅವಳ ಕೈ ನೆಕ್ಕುತ್ತಿತ್ತು.

"ನಿದ್ದೆ ಬಂದ್ರೆ ಮರ್ತೋಗುತ್ತೆ," ಅಂದಳು. ನನಗೆ ಸಮಾಧಾನ ಹೇಳುವ ಹಾಗೆ.

"ಆಟ ಆಡ್ತಾ ಇದ್ರೂ ಮರ್ತೋಗುತ್ತೆ," ಅಂದೆ.

ಆಮೇಲೆ ಅತ್ತಳು. ಬಂದ ಮೇಲೆ ಇದೇ ಮೊದಲು. ಬುಟ್ಟಿಯ ಸಂದಿಯಿಂದ ಕೈ ಹಾಕಿದೆ, ಹಿಡಿದುಕೊಂಡಳು. ಕತ್ತಲಾಗುವವರೆಗೂ ಅತ್ತಳು. ನಾನು ಸುಮ್ಮನಿರು ಅನ್ನಲಿಲ್ಲ.

ಇವತ್ತು ಸುತ್ತು ಹೋಗಲಿಲ್ಲ. ಅವಳೂ ಕೇಳಲಿಲ್ಲ.

24-3, ಶುಕ್ರವಾರ

ಒಂದು ವಾರ ಪೆನ್ನು ಹಿಡಿದಿಲ್ಲ. ಮುನ್ನಿ ಉಣ್ಣುತ್ತಾಳೆ, ಸ್ವಲ್ಪ. ಎರಡು ಸಂಜೆ ಸುತ್ತು ಹೋದೆವು, ನಾಲ್ಕು ಸಂಜೆ ಇಲ್ಲ. ನಿನ್ನೆ ಬಾವಿಯ ಮದ್ದಿಗೆ ತಟ್ಟೆ ಬಡಿಯುವುದನ್ನು ಅವರು ಮರೆತರು. ಸದ್ದಿಗೆ ಮತ್ತೆ ಬುಟ್ಟಿಯೊಳಗೆ ಹೋದಳು. ಈ ಸಲ ನಾನೇ ಮೂಡಲಗಿರಿಯಪ್ಪನವರ ಜಗಲಿಗೆ ಹೋಗಿ ಹೇಳಿದೆ. ಬೆಂಕಿಪೊಟ್ಣ ಬೇಡ ಅಂದೆ. ಹೇಳಿದೆ.

ಅವ್ವನಿಗೆ ನನ್ನ ಜೊತೆ ಇನ್ನೂ ಮಾತಿಲ್ಲ. ಬೇಕಾದ್ದನ್ನು ಗೋಡೆಗೆ ಹೇಳುತ್ತಾಳೆ.

ಬೆಳಿಗ್ಗೆ ಗಡಿಗೆ ತೆಗೆದು ಬತ್ತಿ ಸರಿಮಾಡುತ್ತಿದ್ದೆ. ಮುನ್ನಿ ಬಂದು ಗಿಂಡಿಗೆ ಕೈ ಚಾಚಿದಳು. ಅವ್ವ ಬಾಗಿಲಲ್ಲಿ ನಿಂತಿದ್ದಳು, ಕೋಲು ಹಿಡಿದು ಕುರಿ ಬಿಡಲು ಹೊರಟವಳು. ನಾನು ಅವ್ವನನ್ನು ನೋಡಿದೆ. ಅವ್ವ ನನ್ನನ್ನು ನೋಡಲಿಲ್ಲ.

"ಎರಡು ಕೈಲಿ ಹಿಡ್ಕಾ ಕೂಸೇ, ಚೆಲ್ಲೀಯ," ಅಂದಳು.

ಮುನ್ನಿ ಎರಡು ಕೈಯಲ್ಲಿ ಹಿಡಿದು ಎಣ್ಣೆ ಹಾಕಿದಳು. ಎರಡು ಹನಿ ಕೆಳಗೆ ಬಿದ್ದವು. ಒರೆಸಿದೆ. ಗಡಿಗೆ ತಿರುಗಿ ಇಡಲು ಹೋದರೆ ಮುನ್ನಿ ನನ್ನ ಕೈ ಹಿಡಿದು, "ಈಗ ಹಗಲು ಅತ್ತೆ, ಸಂಜೆ ಇಡು" ಅಂದಳು.